ಬೆಂಕಿ ಬಿದ್ದ ಹಿಂದಿನ ದಿನ

ಇಂಗ್ಲೆಂಡಿನ ಸಿರಿವಂತರು ಹಳ್ಳಿಗಾಡಿನಲ್ಲಿ ಕಟ್ಟಿಸಿದ ದೊಡ್ಡ ಬಂಗಲೆಗಳ ವರ್ಣನೆಯನ್ನು ನೀವು ಕಾದಂಬರಿಗಳಲ್ಲಿ ಓದಿಯೇ ಇರುತ್ತೀರಿ. ಅಂಥದೊಂದು ಮನೆಯ ಕತೆಯನ್ನು ಈ ಹೊತ್ತು ಹೇಳುತ್ತೇನೆ. ಹೆಸರು ಅಪ್‌ಪಾರ್ಕ್. ಸಸೆಕ್ಸ್ ಪ್ರಾಂತದಲ್ಲಿ, ಸೌತ್ ಡೌನ್ಸ್ ಎಂಬ ಹುಲ್ಲುಗುಡ್ಡಗಳ ಮೇಲೆ ನಿಂತಿರುವ ಕೆಂಪು ಇಟ್ಟಿಗೆಯ ಮನೆ ಅದು.

ಸುಮಾರು 1690ರಲ್ಲಿ ಅದನ್ನು ಕಟ್ಟಿಸಿದವನು ಫೋರ್ಡ್ ಗ್ರೇ ಎಂಬ ಪ್ರಭು. 1747ರಲ್ಲಿ ಸರ್ ಮ್ಯಾಥ್ಯೂ ಫೆದರ್‌ಸ್ಟನ್‌ಹಾ ಕೊಂಡುಕೊಂಡನು. ಅವನೂ ಅವನ ಮಡದಿ ಸಾರಾಳೂ ಇಟಲಿಯವರೆಗೆ ಸಂಚಾರ ಮಾಡಿ, ಚಿತ್ರಗಳನ್ನು ತಂದು, ಮನೆಯನ್ನು ತುಂಬಿದರು. ಮಗ ಸರ್ ಹ್ಯಾರಿ ವಿಲಾಸಿ. ಆದರೆ ಎಪ್ಪತ್ತು ದಾಟಿದ ಮೇಲೆ, 1825ರಲ್ಲಿ, ಅವನು ಮಾಡಿದ ಕೆಲಸ ಊರವರ ಹುಬ್ಬೇರಿಸಿತು: ತನ್ನ ಮನೆಯಲ್ಲಿ ಹಾಲು ಬೆಣ್ಣೆಯ ಕೆಲಸಕ್ಕಿದ್ದ ಮೇರಿ ಆನ್ ಎಂಬ ಹುಡುಗಿಯನ್ನು ಮದುವೆಯಾದನು! ಅವನು 1846ರಲ್ಲಿ ತೀರಿಕೊಂಡ ಮೇಲೆ ಮನೆ ಅವಳದಾಯಿತು; ಅವಳ ನಂತರ ತಂಗಿ ಫ್ರಾನ್ಸೆಸಳದು. ಈ ಅಕ್ಕತಂಗಿಯರು ಮಾಡಿದ ಮಹದುಪಕಾರವೆಂದರೆ ಏನನ್ನೂ ಬದಲಿಸದೆ ಇದ್ದುದು. ಇತರ ಶ್ರೀಮಂತರು ಕಾಲಕ್ಕೊಂದು ಬಣ್ಣ, ಕಾಲಕ್ಕೊಂದು ಪರದೆ ಹಾಕಿಸುತ್ತಿದ್ದಾಗ ಇವರು ಸರ್ ಹ್ಯಾರಿ ಬಿಟ್ಟುಹೋದಂತೆಯೇ ಎಲ್ಲವನ್ನೂ ಕಾಪಾಡಿಕೊಂಡು ಬಂದರು. ಫ್ರಾನ್ಸೆಸ್ 1895ರವರೆಗೆ ಬದುಕಿದ್ದಳು.

ಅವಳ ಮನೆವಾರ್ತೆ ನೋಡಿಕೊಳ್ಳುತ್ತಿದ್ದವಳು ಪ್ರಖ್ಯಾತ ಲೇಖಕ ಎಚ್. ಜಿ. ವೆಲ್ಸರ ತಾಯಿ. ವೆಲ್ಸರ 'ಟೋನೊ ಬಂಗೆ' ಎಂಬ ಕಾದಂಬರಿಯ ದೊಡ್ಡಮನೆಗೆ ಇದೇ ಮಾದರಿ.

1930ರ ಸುಮಾರಿಗೆ ಮನೆಯೊಡತಿಯಾಗಿದ್ದ ಲೇಡಿ ಮೀಡ್ ಫೆದರ್‌ಸ್ಟನ್‌ಹಾ ಜೀರ್ಣವಾಗಿದ್ದ ಪರದೆಗಳನ್ನು ಎಸೆಯಲಿಲ್ಲ. ನಮ್ಮ ಅಂಟುವಾಳದಂತೆ ನೊರೆ ಕೊಡುವ ಒಂದು ಗಿಡದ ರಸದಲ್ಲಿ ತೊಳೆದು, ಎಳೆಯೆಳೆಯಾಗಿ ಹೊಲಿದು ಉಳಿಸಿದರು. 1954ರಲ್ಲಿ ಮನೆ ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂತು.

ಇನ್ನು 1989ರ ಆಗಸ್ಟ್ 30. ಮಾಡಿನ ದುರಸ್ತಿ ಮುಗಿಯುತ್ತ ಬಂದಿತ್ತು. ಸೀಸದ ತಗಡು ಬೆಸೆಯುತ್ತಿದ್ದವರ ಉರಿಯಿಂದ ಕಿಡಿ ಹತ್ತಿಕೊಂಡಿತು. ಉಳಿಸಲೆಂದು ಮಾಡಿದ ಕೆಲಸವೇ ಸುಟ್ಟಿತೆನ್ನಿ. ನೌಕರರು, ಅಗ್ನಿಶಾಮಕ ದಳದವರು, ನೆರವಿಗೆ ಬಂದವರು ಸಾಲಾಗಿ ನಿಂತು ಕೆಳಗಿನ ಅಂತಸ್ತಿನ ಚಿತ್ರಗಳನ್ನೂ ಪೀಠೋಪಕರಣಗಳನ್ನೂ ಕೈಯಿಂದ ಕೈಗೆ ಸಾಗಿಸಿ ಹುಲ್ಲಿನ ಮೇಲೆ ತಂದಿಟ್ಟರು. ಮಾಡು ಕುಸಿಯಿತು; ಮನೆತನದವರು ವಾಸವಾಗಿದ್ದ ಮೇಲಂತಸ್ತು ಬೂದಿಯಾಯಿತು. ಗೋಡೆಗಳು ನಿಂತಿದ್ದವು.

ಈಗೇನು ಮಾಡಬೇಕು? ಹಾಳುಮನೆಯಾಗಿಯೇ ಬಿಡಿ, ಮತ್ತೆ ಕಟ್ಟಿದ್ದು ನಕಲಾಗುತ್ತದೆ ಎಂಬ ವಾದವೂ ಇತ್ತು. ಟ್ರಸ್ಟು ಮಾಡಿದ ನಿರ್ಣಯ ವಿಚಿತ್ರವೆನಿಸಬಹುದು: 1690ರಂತೆಯೂ ಅಲ್ಲ, ಸರ್ ಮ್ಯಾಥ್ಯೂವಿನ ಕಾಲದಂತೆಯೂ ಅಲ್ಲ, ಬೆಂಕಿ ಬಿದ್ದ ಹಿಂದಿನ ದಿನ ಹೇಗಿತ್ತೋ ಹಾಗೆಯೇ ಮಾಡುವುದು.

ಇದರ ಕಷ್ಟ ಊಹಿಸಿಕೊಳ್ಳಿ. ಹಿಂದಿನ ದಿನ ಆ ಮನೆ ಮಾಸಿತ್ತು. ಆದ್ದರಿಂದ ಹೊಸ ಬಣ್ಣವನ್ನು, ಉಳಿದಿದ್ದ ಹಳೆಯ ಬಣ್ಣದ ಮಾಸಲಿಗೆ ಹೊಂದುವಂತೆ ಕಲಸಬೇಕಾಯಿತು. ಗೋಡೆಯ ಕೆಂಪು ಕಾಗದದ ಉಳಿದ ಚೂರುಗಳ ಜೊತೆಗೆ, ಹೊಸದಾಗಿ ಅಚ್ಚುಹಾಕಿದ್ದನ್ನು ಬಣ್ಣಗೆಡಿಸಿ ಅಂಟಿಸಬೇಕಾಯಿತು. ಬೂದಿಯ ರಾಶಿಯನ್ನು ಸೋಸಿ, ಸಿಕ್ಕ ಮರದ ಕೆತ್ತನೆ, ಗಾರೆಯ ತುಂಡು, ಲೋಹದ ಬಿಡಿಭಾಗಗಳನ್ನೆಲ್ಲ ಸಾವಿರಾರು ಡಬ್ಬಗಳಲ್ಲಿ ತುಂಬಿ ವಿಂಗಡಿಸಿದರು. ಅರೆಸುಟ್ಟ ಕೆತ್ತನೆಗೆ ಹೊಸ ಮರ ಕೂಡಿಸಿದರು. ಎಲ್ಲಕ್ಕೂ ಕಠಿನವಾದದ್ದು ಮೇಲ್ಛಾವಣಿಯ ಅಲಂಕಾರ. ಅದು ಅಚ್ಚಿನಲ್ಲಿ ಎರೆದದ್ದಲ್ಲ. ಹಸಿ ಸುಣ್ಣದ ಗಾರೆ ಗಟ್ಟಿಯಾಗುವ ಮುನ್ನವೇ ಕೈಯಿಂದ ತಿದ್ದಿ ಎಲೆಬಳ್ಳಿ ಮೂಡಿಸಿದ್ದು. ಆ ವಿದ್ಯೆ ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ಮರೆತುಹೋಗಿತ್ತು. ಕೆಲಸಗಾರರು ಪ್ರಯೋಗ ಮಾಡಿ ಮಾಡಿ ಮತ್ತೆ ಕಲಿತರು. 1995ರಲ್ಲಿ ಮನೆಯ ಬಾಗಿಲು ಮತ್ತೆ ತೆರೆಯಿತು. ತಗುಲಿದ ವೆಚ್ಚ ಸುಮಾರು 2 ಕೋಟಿ ಪೌಂಡು. ಅದರ ಹೊರೆ ಬಹುಪಾಲು ವಿಮೆಯದು.

ಇದು ನಕಲೇ? ಹೊಸದನ್ನು ಬೇಕೆಂದೇ ಮಾಸಲು ಮಾಡುವುದು ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಆ ಗಾರೆಯ ಎಲೆಗಳನ್ನು ನಕಲೆನ್ನಲು ನನಗೆ ಬಾಯಿ ಬರುವುದಿಲ್ಲ. ಇನ್ನೂರು ವರ್ಷದ ಹಿಂದಿನ ಗಾರೆಯವನಂತೆ ಇವರೂ ಕೈಯಿಂದಲೇ ತಿದ್ದಿದವರು. ಮೇಲಂತಸ್ತಿನ ವಾಸದ ಕೋಣೆಗಳನ್ನು ಮಾತ್ರ ಹಿಂದಿನಂತೆ ಸಜ್ಜುಗೊಳಿಸಲಾಗಲಿಲ್ಲ. ಅಲ್ಲಿದ್ದ ಸಾಮಾನುಗಳು ಬೆಂಕಿಯ ಪಾಲಾಗಿದ್ದವು.