ಸಕ್ಕರೆ ಕಾಯಿಲೆ: ಮಹಿಳೆಯರು ತಿಳಿಯಬೇಕಾದದ್ದು
(ಸ್ವಸಹಾಯ ಸಂಘಗಳ ಮಹಾಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ್ 14 ಅಂದರೆ ಮಕ್ಕಳ ದಿನಾಚರಣೆ ಅಂತ ನಮಗೆಲ್ಲಾ ಗೊತ್ತು. ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದು. 1921ರಲ್ಲಿ ಕೆನಡಾ ದೇಶದಲ್ಲಿ ಸಂಗಡಿಗರೊಂದಿಗೆ ಇನ್ಸುಲಿನ್ ಕಂಡುಹಿಡಿದ ಡಾ. ಬ್ಯಾಂಟಿಂಗ್ ಹುಟ್ಟಿದ ದಿನ ಅದು. ಹಾಗಾಗಿ ಉಳಿತಾಯ, ಮರುಪಾವತಿ ಲೆಕ್ಕ ಮುಗಿಸಿ ಈ ಕಾಯಿಲೆ ಬಗ್ಗೆ ಸ್ವಲ್ಪ ಮಾತಾಡೋಣ.

ಇದೂ ಲೆಕ್ಕದ ವಿಷಯವೇ. ಸಂಘದ ಸಾಲದ ಪುಸ್ತಕದಲ್ಲಿ 'ಆಸ್ಪತ್ರೆ ಖರ್ಚಿಗೆ' ಅಂತ ಬರೆದ ಸಾಲಗಳನ್ನು ನೋಡಿ. ಹಸು ತರಲು, ಹೊಲಿಗೆ ಯಂತ್ರ ತರಲು ಪಡೆದ ಸಾಲ ದುಡಿದು ತೀರುತ್ತದೆ. ಕಾಲಿನ ಹುಣ್ಣು ಕೊಳೆತು ಬೆರಳು ತೆಗೆಸಲು ಮಾಡಿದ ಸಾಲವಾದರೆ ದುಡಿಯುವ ಶಕ್ತಿಯೇ ಹೋಗಿರುತ್ತದೆ, ತೀರಿಸೋದು ಹೇಗೆ?

ನಾವು ತಿಂದ ಅನ್ನ, ಮುದ್ದೆ, ಚಪಾತಿ ಸಕ್ಕರೆಯಾಗಿ ರಕ್ತ ಸೇರುತ್ತದೆ. ಅದು ರಕ್ತದಿಂದ ಮೈಯ ಜೀವಕೋಶಗಳಿಗೆ ಹೋಗಲು ಇನ್ಸುಲಿನ್ ಬೇಕು. ಇನ್ಸುಲಿನ್ ಕಡಿಮೆಯಾದರೆ, ಅಥವಾ ಇದ್ದೂ ಕೆಲಸ ಮಾಡದಿದ್ದರೆ, ಸಕ್ಕರೆ ರಕ್ತದಲ್ಲೇ ಉಳಿದು ಕಣ್ಣು, ಮೂತ್ರಪಿಂಡ, ನರ, ಹೃದಯವನ್ನು ನಿಧಾನವಾಗಿ ಹಾಳುಮಾಡುತ್ತದೆ. ನೋವಿಲ್ಲ, ಜ್ವರವಿಲ್ಲ. ಹಾಗಾಗಿ ಎಷ್ಟೋ ಜನರಿಗೆ ವರ್ಷಗಟ್ಟಲೆ ಗೊತ್ತೇ ಆಗೋದಿಲ್ಲ. ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು, ಮಾಯದ ಗಾಯ, ಮೂತ್ರದ ಜಾಗದಲ್ಲಿ ತುರಿಕೆ ಇದ್ದರೆ ನಾಚಿಕೆಪಡದೆ ನರ್ಸಮ್ಮನಿಗೆ ಹೇಳಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದ ವಯಸ್ಕರಲ್ಲಿ 100ಕ್ಕೆ 11 ಮಂದಿಗೆ ಈ ಕಾಯಿಲೆ ಇದೆ, ಇನ್ನೂ 15 ಮಂದಿ ಅಂಚಿನಲ್ಲಿದ್ದಾರೆ. 20 ಜನರ ಸಂಘಕ್ಕೆ ಲೆಕ್ಕ ಹಾಕಿ: ಇಬ್ಬರು, ಮೂವರು.

'ಬಿಸಿಲಲ್ಲಿ ದುಡಿಯೋ ನಮಗೆಲ್ಲಿ ಶುಗರು, ಅದು ಪೇಟೆ ಸಾಹುಕಾರರದ್ದು' ಅಂತ ಕೆಲವರು ಅನ್ನುತ್ತೀರಿ. ನಮ್ಮ ಅಡುಗೆಮನೆ ನೋಡೋಣ. ಗಂಡ, ಮಕ್ಕಳು, ಅತ್ತೆ ಮಾವ ಉಂಡ ಮೇಲೆ ನಾವು ಕೂರುತ್ತೇವೆ. ಅಷ್ಟರಲ್ಲಿ ಪಲ್ಯ ಖಾಲಿ, ಮೊಟ್ಟೆ ಖಾಲಿ, ಸಾರಿನ ತಳದ ಬೇಳೆಯೂ ಖಾಲಿ. ಉಳಿದಿರೋದು ಅನ್ನ, ತಿಳಿಸಾರು. ಚೆಲ್ಲಬಾರದು ಅಂತ ಅದಷ್ಟನ್ನೂ ನಾವೇ ಮುಗಿಸುತ್ತೇವೆ. ಎಷ್ಟೋ ಮನೆಗಳಲ್ಲಿ ಅತಿ ಹೆಚ್ಚು ಅನ್ನ, ಅತಿ ಕಡಿಮೆ ತರಕಾರಿ ತಿನ್ನುವವಳು ಅಡುಗೆ ಮಾಡಿದವಳೇ! ಬಡಿಸುವ ಮುಂಚೆಯೇ ನಮ್ಮ ಪಾಲಿನ ಪಲ್ಯ ಒಂದು ಬಟ್ಟಲಲ್ಲಿ ತೆಗೆದಿಡೋಣ. ಇದು ಸ್ವಾರ್ಥವಲ್ಲ. ತಟ್ಟೆಯ ಅರ್ಧ ಸೊಪ್ಪು ತರಕಾರಿ, ಕಾಲು ಭಾಗ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಅನ್ನ ಇಲ್ಲವೇ ಮುದ್ದೆ. ರಾಗಿ ಒಳ್ಳೆಯದೇ, ಆದರೆ ಅದೂ ಸಕ್ಕರೆಯಾಗುತ್ತದೆ. ಎರಡು ದಪ್ಪ ಮುದ್ದೆ ನುಂಗಿ 'ಅನ್ನ ಬಿಟ್ಟೆ ಸಿಸ್ಟರ್' ಅಂದರೆ ನಾವು ಒಪ್ಪೋದಿಲ್ಲ. ಬೆಲ್ಲಕ್ಕೂ ಇದೇ ಮಾತು. ದಿನಕ್ಕೆ ಐದು ಲೋಟ ಟೀ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ ಒಬ್ಬಳಿಗೇ ತಿಂಗಳಿಗೆ ಒಂದು ಕಿಲೋ ದಾಟುತ್ತದೆ.

ಟೈಲರಿಂಗ್ ಮಾಡುವ ಸದಸ್ಯೆಯರು ಮುಂದಿನ ಸಭೆಗೆ ಟೇಪು ತನ್ನಿ. ಹೆಂಗಸರ ಸೊಂಟದ ಸುತ್ತಳತೆ 80 ಸೆಂ.ಮೀ., ಅಂದರೆ ಸುಮಾರು ಮೂವತ್ತೊಂದೂವರೆ ಇಂಚು ದಾಟಿದ್ದರೆ ಎಚ್ಚರ ಬೇಕು. ತಂದೆ ತಾಯಿಗೆ ಕಾಯಿಲೆ ಇದ್ದವರು, ಬಸುರಿಯಾಗಿದ್ದಾಗ ಶುಗರ್ ಬಂದಿದ್ದವರು ಇನ್ನೂ ಎಚ್ಚರವಾಗಿರಿ. ಹೆರಿಗೆಯಾದ ಮೇಲೆ ಹೋಯಿತು ಅಂತ ಎಷ್ಟೋ ಜನ ಮತ್ತೆ ನೋಡಿಸೋದೇ ಇಲ್ಲ.

ಅಂಚಿನಲ್ಲಿರುವವರು ಹಣೆಬರಹ ಅಂತ ಕೂರಬೇಕಿಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಅಂಥವರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ವರದಿ ಮಾಡಿದರು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ 100ಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟ, ನಡಿಗೆ ತಿದ್ದಿಕೊಂಡವರಲ್ಲಿ 39 ಮಂದಿಗೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನವಾದರೂ ಬಿರುಸಾಗಿ ನಡೆಯಿರಿ. ಒಬ್ಬಳೇ ಹೋದರೆ ಜನ ನಗುತ್ತಾರೆ ಅಂದರೆ ನಾಲ್ಕು ಜನ ಜೊತೆಗೆ ಹೋಗಿ. ಸಂಘ ಇರೋದು ಮತ್ತೆ ಯಾಕೆ?

ಈಗಾಗಲೇ ಕಾಯಿಲೆ ಇರುವವರಿಗೆ ಎರಡು ಮಾತು. ಶುಗರ್ ಇಳಿಯಿತು ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಬೇವಿನ ರಸ, ಸಂತೆಯ ಪುಡಿ ನಂಬಿ ಬಿಡಬೇಡಿ. ಬರಿಗಾಲಲ್ಲಿ ಓಡಾಡಬೇಡಿ, ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ. ಕೆಲವು ಮಾತ್ರೆ ನುಂಗಿ ಉಪವಾಸವಿದ್ದರೆ ಸಕ್ಕರೆ ಕುಸಿದು ತಲೆಸುತ್ತಿ ಬೀಳಬಹುದು. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ, ಸಿಸ್ಟರುಗಳಾದ ನಾವೇ ಹೇಳುತ್ತಿದ್ದೇವೆ! ಇನ್ನೊಂದು. ಗಂಡನಿಗೆ ಶುಗರ್ ಬಂದರೆ ನಾವು ಬೇರೆ ಅಡುಗೆ ಮಾಡುತ್ತೇವೆ, ಮಾತ್ರೆ ನೆನಪಿಸುತ್ತೇವೆ. ನಮಗೆ ಬಂದರೆ ಯಾರು ಮಾಡುತ್ತಾರೆ? ಮನೆಯವರಿಗೆ ಬಾಯಿಬಿಟ್ಟು ಹೇಳಿ.

30 ವರ್ಷ ದಾಟಿದವರಿಗೆ ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ಖಾಲಿ ಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ. 126 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಪರೀಕ್ಷಿಸಿ ವೈದ್ಯರು ತೀರ್ಮಾನಿಸುತ್ತಾರೆ. ನಡುವೆ ಇದ್ದರೆ ಅಂಚು. ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ಗೊತ್ತು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ, ಸಂಘದ ಎಲ್ಲರೂ ಒಟ್ಟಿಗೆ ಹೋಗಿ. ಆ ಬೆಳಿಗ್ಗೆ ಟೀ ಕೂಡ ಕುಡಿಯಬೇಡಿ, ನೀರು ಕುಡಿಯಬಹುದು. ತಿಂಡಿಯನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ, ರಕ್ತ ಕೊಟ್ಟ ತಕ್ಷಣ ಅಲ್ಲೇ ಕೂತು ತಿನ್ನಿ.