ಹೊಲದ ಬದುವಿಗೊಂದು ದೂರದರ್ಶಕ

ನಮ್ಮ ಹಾವೇರಿ ಜಿಲ್ಲೆಯ ರೈತರಿಗೆ ನಕ್ಷತ್ರಗಳ ಹೆಸರನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರೋಹಿಣಿ ಮಳೆ ಹೇಗಾಯಿತು, ಮೃಗಶಿರಾ ಕೈಕೊಟ್ಟಿತೇ, ಆರಿದ್ರಾ ಹಿಡಿಯಿತೇ ಎಂಬುದರ ಮೇಲೆಯೇ ಬಿತ್ತನೆಯ ಲೆಕ್ಕ ನಡೆಯುತ್ತದೆ. ಆದರೆ ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ ಕೊನೆ, ಜೂನ್ ಮೊದಲಿಗೆ, ಮೋಡ ಇಲ್ಲದಿದ್ದರೂ ರೋಹಿಣಿ ನಕ್ಷತ್ರ ಕಣ್ಣಿಗೆ ಬೀಳುವುದಿಲ್ಲ. ಆಗ ಸೂರ್ಯನೇ ಅದರ ಪಕ್ಕದಲ್ಲಿರುತ್ತಾನೆ. ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುವ ನಕ್ಷತ್ರವನ್ನು ನೋಡುವುದಾದರೂ ಹೇಗೆ? ಅದಕ್ಕೆ ಸುಗ್ಗಿಯವರೆಗೆ ಕಾಯಬೇಕು. ಜನವರಿಯಲ್ಲಿ ರಾತ್ರಿ ಒಂಬತ್ತೂವರೆಗೆ ಊಟ ಮುಗಿಸಿ ಅಂಗಳಕ್ಕೆ ಬಂದರೆ, ಸರಿಯಾಗಿ ನೆತ್ತಿಯ ಮೇಲೆ ಕೆಂಪಗೆ ಹೊಳೆಯುತ್ತಿರುವುದೇ ರೋಹಿಣಿ. ಅದರ ಪಶ್ಚಿಮಕ್ಕೆ ಗೊಂಚಲಾಗಿ ಕೃತ್ತಿಕಾ, ಪೂರ್ವಕ್ಕೆ ಮೃಗಶಿರಾ, ಅದರಾಚೆ ಕಿತ್ತಳೆ ಬಣ್ಣದ ಆರಿದ್ರಾ. ಮುಂಗಾರಿನ ಮಳೆಗಳೆಲ್ಲ ಸಾಲಾಗಿ ತಲೆಯ ಮೇಲೆ ನಿಂತಿರುತ್ತವೆ.

ಇಷ್ಟು ಗುರುತು ಸಿಕ್ಕ ಮೇಲೆ ಹತ್ತಿರದಿಂದ ನೋಡುವ ಆಸೆ ಹುಟ್ಟುತ್ತದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದನ್ನು ಟಿವಿಯಲ್ಲಿ ಕಂಡ ಮಕ್ಕಳು "ಅಪ್ಪಾ, ನಮಗೂ ಒಂದು ಟೆಲಿಸ್ಕೋಪ್ ತಗೊಂಡು ಬಾ" ಎಂದು ಕೇಳಿದರೆ ಅದು ಸಹಜ. ಇವತ್ತಿನ ಮಾತು ಹಾಗೆ ಕೊಳ್ಳಹೊರಟವರಿಗೆ, ಅದರಲ್ಲೂ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಕಡೆಯವರಿಗೆ. ಬೆಂಗಳೂರಿನವರು ಎಷ್ಟು ದುಡ್ಡು ಕೊಟ್ಟರೂ ಸಿಗದ ಒಂದು ವಸ್ತು ನಿಮ್ಮಲ್ಲಿ ಇನ್ನೂ ಉಳಿದಿದೆ. ಅದು ಕತ್ತಲೆ.

ಆಟಿಕೆಯಂಥ ದೂರದರ್ಶಕಗಳ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ "525 ಪಟ್ಟು" ಎಂದು ಬರೆದಿರುತ್ತದೆ. ಹಾಗೆ ಬರೆದದ್ದನ್ನು ಕೊಳ್ಳಬೇಡಿ. ಎಷ್ಟು ಪಟ್ಟು ದೊಡ್ಡದಾಗಿ ಕಾಣಿಸುತ್ತದೆ ಎಂಬುದು ದೂರದರ್ಶಕದ ಯೋಗ್ಯತೆಯಲ್ಲ. ಮುಂದಿನ ಮಸೂರ ಅಥವಾ ಒಳಗಿನ ಕನ್ನಡಿಯ ಸಂಗಮ ದೂರವನ್ನು ಕಣ್ಣಿನ ಬಳಿಯ ಐಪೀಸಿನ ಸಂಗಮ ದೂರದಿಂದ ಭಾಗಿಸಿದರೆ ಪಟ್ಟು ಬರುತ್ತದೆ. 650 ಮಿಲಿಮೀಟರಿನದಕ್ಕೆ 25ರ ಐಪೀಸ್ ಹಾಕಿದರೆ 26 ಪಟ್ಟು, 10ರದನ್ನು ಹಾಕಿದರೆ 65 ಪಟ್ಟು. ಐಪೀಸ್ ಬದಲಿಸುತ್ತ ಹೋದರೆ ಎಷ್ಟು ಬೇಕಾದರೂ ಏರಿಸಬಹುದು, ಆದರೆ ಚಿತ್ರ ಮಸುಕಾಗುತ್ತ ಹೋಗುತ್ತದೆ. ಮಸೂರದ ಅಥವಾ ಕನ್ನಡಿಯ ವ್ಯಾಸ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟಿನ ಆಚೆಗೆ ಹೊಸದೇನೂ ಕಾಣುವುದಿಲ್ಲ. 60 ಮಿಲಿಮೀಟರಿನದಕ್ಕೆ 120 ಪಟ್ಟೇ ಕೊನೆ.

ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಆ ವ್ಯಾಸವನ್ನು. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್ ಅರಳುತ್ತದೆ. 130 ಮಿಲಿಮೀಟರಿನ ಕನ್ನಡಿ ಅದಕ್ಕಿಂತ ಸುಮಾರು 345 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಕಣ್ಣಿಗೆ ಕಾಣದ್ದು ಕಾಣುವುದು ಆ ಬೆಳಕಿನಿಂದ. 1610ರ ಜನವರಿ 7ರಂದು ಗೆಲಿಲಿಯೋ ಗುರುವಿನ ಉಪಗ್ರಹಗಳನ್ನು ಕಂಡದ್ದು ಎರಡು ಅಂಗುಲಕ್ಕಿಂತ ಚಿಕ್ಕ ಮಸೂರದಲ್ಲಿ, ಬರೀ 20 ಪಟ್ಟಿನ ಆಸುಪಾಸಿನಲ್ಲಿ.

ಎರಡನೆಯದಾಗಿ ನೋಡಬೇಕಾದದ್ದು ಸ್ಟ್ಯಾಂಡ್. ಕೊಳ್ಳುವವರು ಇದನ್ನೇ ಮರೆಯುತ್ತಾರೆ. ಅಂಗಡಿಯಲ್ಲೇ ದೂರದರ್ಶಕವನ್ನು ಸ್ಟ್ಯಾಂಡಿಗೆ ಕೂರಿಸಿ, ರಸ್ತೆಯಾಚೆಯ ಯಾವುದಾದರೂ ಬೋರ್ಡಿಗೆ ಗುರಿಯಿಟ್ಟು, ಕೊಳವೆಯ ತುದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಅಕ್ಷರಗಳು ಒಂದೆರಡು ಸೆಕೆಂಡಿನಲ್ಲಿ ನಿಂತರೆ ಸ್ಟ್ಯಾಂಡ್ ಗಟ್ಟಿ. ನಾಲ್ಕೈದು ಸೆಕೆಂಡ್ ನಡುಗುತ್ತಲೇ ಇದ್ದರೆ ಬಿಟ್ಟು ಬನ್ನಿ. ಹೊಲದ ಗಾಳಿಗೆ ಅದು ಎಂದೂ ನಿಲ್ಲುವುದಿಲ್ಲ. ಸಪೂರ ಕಾಲಿನ ಅಲ್ಯೂಮಿನಿಯಂ ಸ್ಟ್ಯಾಂಡ್ ಮಕ್ಕಳ ಉತ್ಸಾಹವನ್ನು ಒಂದೇ ರಾತ್ರಿಯಲ್ಲಿ ಕೊಂದುಬಿಡುತ್ತದೆ.

ಸ್ಟ್ಯಾಂಡಿನಲ್ಲೂ ಎರಡು ಬಗೆ. ಒಂದನ್ನು ಈಕ್ವಟೋರಿಯಲ್ ಎನ್ನುತ್ತಾರೆ. ಭೂಮಿಯ ಅಕ್ಷಕ್ಕೆ ಸರಿಯಾಗಿ ಧ್ರುವ ನಕ್ಷತ್ರದ ಕಡೆಗೆ ಓರೆಯಾಗಿ ನಿಲ್ಲಿಸಿ, ತೂಕದ ಗುಂಡು ಕಟ್ಟಿ ಬಳಸುವಂಥದು. ನೋಡಲು ಗಂಭೀರವಾಗಿರುತ್ತದೆ, ಕೊಳ್ಳುವ ಆಸೆಯೂ ಆಗುತ್ತದೆ. ಆದರೆ ನಾವಿರುವುದು ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ. ಹಾಗಾಗಿ ನಮಗೆ ಧ್ರುವ ನಕ್ಷತ್ರ ಉತ್ತರದ ದಿಗಂತದಿಂದ 15 ಡಿಗ್ರಿಯಷ್ಟೇ ಮೇಲೆ. ಎಷ್ಟೋ ರಾತ್ರಿ ಅದು ಮಾವಿನ ತೋಪಿನ ಹಿಂದೆಯೋ ಧೂಳು-ಮಬ್ಬಿನೊಳಗೋ ಅಡಗಿರುತ್ತದೆ. ಗುರಿಯಿಡಬೇಕಾದ ನಕ್ಷತ್ರವೇ ಕಾಣದಿದ್ದರೆ ಆ ಸ್ಟ್ಯಾಂಡಿನ ಅನುಕೂಲವೆಲ್ಲ ವ್ಯರ್ಥ. ಹೊಸಬರಿಗೆ ನಾನು ಅದನ್ನು ಹೇಳುವುದೇ ಇಲ್ಲ.

ಇನ್ನೊಂದು ಬಗೆ ಡಾಬ್ಸೋನಿಯನ್. ಇದರ ಹಿಂದೆ ಒಬ್ಬ ಸನ್ಯಾಸಿಯ ಕತೆಯಿದೆ. 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದ ಜಾನ್ ಡಾಬ್ಸನ್, 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯನ್ನು, ಅಂದರೆ ರಾಮಕೃಷ್ಣ ಪರಂಪರೆಯ ಮಠವನ್ನು, ಸೇರಿದರು. ಕೈಯಲ್ಲಿ ಕಾಸಿಲ್ಲ. ಹಡಗಿನ ಕಿಟಕಿಯ ದಪ್ಪ ಗಾಜನ್ನು ತಾವೇ ಉಜ್ಜಿ ಕನ್ನಡಿ ಮಾಡಿದರು, ರಟ್ಟಿನ ಕೊಳವೆಯಲ್ಲಿಟ್ಟರು, ಕೊಳವೆಯನ್ನು ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸಿದರು. ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ, ಅಷ್ಟೇ ಚಲನೆ. 1967ರಲ್ಲಿ ಮಠ ಬಿಟ್ಟ ಮೇಲೆ ಅದನ್ನು ಬೀದಿಯ ಪಕ್ಕದಲ್ಲಿಟ್ಟು ಹೋಗಿ ಬರುವವರಿಗೆಲ್ಲ ಚಂದ್ರನನ್ನೂ ಶನಿಯನ್ನೂ ತೋರಿಸಿದರು. 2014ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಪೆಟ್ಟಿಗೆ ಜಗತ್ತಿನ ಹವ್ಯಾಸಿಗಳ ಮನೆಮನೆ ಸೇರಿತ್ತು. ಇಷ್ಟು ಸರಳವಾದದ್ದನ್ನು ಅಕ್ಕಿಆಲೂರಿನ ಬಡಗಿಯೂ ಮಾಡಬಲ್ಲ, ರಟ್ಟೀಹಳ್ಳಿಯ ಬಡಗಿಯೂ ಮಾಡಬಲ್ಲ. ಕೊಳವೆಯನ್ನಷ್ಟೇ ಕೊಂಡು ತಂದು, ಕೆಳಗಿನ ಪೆಟ್ಟಿಗೆಯನ್ನು ಪ್ಲೈವುಡ್, ಸನ್‌ಮೈಕಾದಲ್ಲಿ ಊರಲ್ಲೇ ಕಟ್ಟಿಸಿಕೊಳ್ಳಬಹುದು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಬೈಕಿನಲ್ಲಿ ಹಿಂದೆ ಕೂತವರು ತೊಡೆಯ ಮೇಲಿಟ್ಟುಕೊಂಡು ಹೊಲದವರೆಗೆ ಒಯ್ಯುವಂತಿರಬೇಕು, ಐದು ನಿಮಿಷದಲ್ಲಿ ನೋಡಲು ಅಣಿಯಾಗಬೇಕು. ಇದೇ ನನ್ನ ಅಳತೆ. 114ರಿಂದ 130 ಮಿಲಿಮೀಟರ್ ಕನ್ನಡಿಯ, ಮೇಜಿನ ಮೇಲಿಡುವ ಚಿಕ್ಕ ಡಾಬ್ಸೋನಿಯನ್ ಈ ಅಳತೆಗೆ ಸರಿಹೊಂದುತ್ತದೆ. ಕೊಳವೆ ಎರಡು ಅಡಿಯ ಆಸುಪಾಸು. ಆರು ಅಂಗುಲದ ದೊಡ್ಡ ಡಾಬ್ಸೋನಿಯನ್ ಹೆಚ್ಚು ತೋರಿಸುತ್ತದೆ ನಿಜ. ಆದರೆ ಅದರ ಕೊಳವೆ ನಾಲ್ಕು ಅಡಿ, ಕಾರು ಬೇಕು. ಒಯ್ಯಲಾಗದೆ ಮೂಲೆಯಲ್ಲಿ ನಿಂತ ದೊಡ್ಡದಕ್ಕಿಂತ ದಿನವೂ ಹೊರಗೆ ಬರುವ ಚಿಕ್ಕದೇ ಲೇಸು. ಕನ್ನಡಿ ಇರುವಂಥದು ನಮ್ಮ ರಸ್ತೆಗಳ ಕುಲುಕಾಟಕ್ಕೆ ಆಗಾಗ ಹೊಂದಾಣಿಕೆ ತಪ್ಪುತ್ತದೆ, ಹಿಂದಿನ ಮೂರು ತಿರುಪುಗಳನ್ನು ತಿರುಗಿಸಿ ಸರಿಮಾಡುವುದನ್ನು ಕಲಿಯಬೇಕು. ಆ ತಾಪತ್ರಯ ಬೇಡವೆನ್ನುವವರಿಗೆ 80 ಮಿಲಿಮೀಟರಿನ ಮಸೂರದ ದೂರದರ್ಶಕವೂ ಒಳ್ಳೆಯದೇ. ಚಂದ್ರನ ಅಂಚಿಗೆ ಸ್ವಲ್ಪ ನೇರಳೆ ಬಣ್ಣ ಕಾಣುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ.

ಅಷ್ಟು ಖರ್ಚಿಗೆ ಮನಸ್ಸಿಲ್ಲದಿದ್ದರೆ 10 ಪಟ್ಟು, 50 ಮಿಲಿಮೀಟರಿನ ಬೈನಾಕ್ಯುಲರ್ ಕೊಳ್ಳಿ. ಗೋಡೆಗೋ ಕಂಬಕ್ಕೋ ಮೊಣಕೈ ಊರಿ ಹಿಡಿದರೆ ಗುರುವಿನ ಉಪಗ್ರಹಗಳು ಅದರಲ್ಲೇ ಚುಕ್ಕಿಗಳಾಗಿ ಕಾಣುತ್ತವೆ, ಕೃತ್ತಿಕೆಯ ಆರು ನಕ್ಷತ್ರ ಹತ್ತಾರು ಆಗುತ್ತವೆ. ಜೊತೆಗೆ ಜಿ. ಟಿ. ನಾರಾಯಣರಾಯರ 'ನಕ್ಷತ್ರ ವೀಕ್ಷಣೆ' ಪುಸ್ತಕವನ್ನೋ, ಮೊಬೈಲಿನಲ್ಲಿ ಸ್ಟೆಲೇರಿಯಂ ತಂತ್ರಾಂಶವನ್ನೋ ಇಟ್ಟುಕೊಳ್ಳಿ.

ಇನ್ನು ಜಾಗದ ಮಾತು. ಹಾನಗಲ್ಲಿನವರು ಪುಣ್ಯವಂತರು. ಹಾವೇರಿಯ ಬೆಳಕು ಅವರಿಗೆ ಪೂರ್ವಕ್ಕಷ್ಟೇ. ದಕ್ಷಿಣಕ್ಕೆ ಸೊರಬದ ಕಡೆ, ಪಶ್ಚಿಮಕ್ಕೆ ಶಿರಸಿಯ ಕಡೆ ಕಾಡು ಹಬ್ಬಿದೆ, ದೊಡ್ಡ ಊರಿಲ್ಲ. ಶಿಗ್ಗಾಂವಿಯಲ್ಲಿ ಹೆದ್ದಾರಿಯ ದೀಪಗಳಿವೆ, ಉತ್ತರದ ದಿಗಂತದಲ್ಲಿ ಹುಬ್ಬಳ್ಳಿಯ ಮಂಕು ಬೆಳಕಿದೆ. ಅಲ್ಲಿಯವರು ಹೆದ್ದಾರಿಗೆ ಬೆನ್ನುಹಾಕಿ ಮುಂಡಗೋಡದ ದಿಕ್ಕಿಗೆ ನಾಲ್ಕಾರು ಕಿಲೋಮೀಟರ್ ಹೋದರೆ ಸಾಕು. ಸವಣೂರಿಗೆ ಹಾವೇರಿ ಬರುವುದೇ ದಕ್ಷಿಣಕ್ಕೆ, ಆ ಕಡೆಯ ತಗ್ಗಿನ ನಕ್ಷತ್ರಗಳು ಸ್ವಲ್ಪ ಮಂಕು. ನೆತ್ತಿಯ ಮೇಲಿನವಕ್ಕೆ ಏನೂ ತೊಂದರೆಯಿಲ್ಲ. ಹಿರೇಕೆರೂರು ಹೆದ್ದಾರಿಯಿಂದ ದೂರ, ರಾಣೇಬೆನ್ನೂರಿನ ಬೆಳಕು ಈಶಾನ್ಯದಲ್ಲಿ ಉಳಿಯುತ್ತದೆ. ಮದಗ-ಮಾಸೂರು ಕೆರೆಯ ಕಡೆ ಹೋಗುವುದಾದರೆ ಹಗಲಲ್ಲೇ ಜಾಗ ನೋಡಿಕೊಂಡು, ಜೊತೆಯಲ್ಲಿ ಇಬ್ಬರು ಮೂವರು ಹೋಗಿ. ಹೊಲದ ಬದುವಿನಲ್ಲಿ ಹಾವಿರುತ್ತದೆ ಎಂಬುದು ನಿಮಗೆ ನಾನು ಹೇಳಬೇಕಾದ ಮಾತಲ್ಲ.

ದಕ್ಷಿಣದ ದಿಗಂತಕ್ಕೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ಒಮೆಗಾ ಸೆಂಟಾರಿ ಎಂಬ ನಕ್ಷತ್ರಗಳ ದಟ್ಟ ಗುಂಪು ಲಂಡನ್ನಿನವರಿಗೆ ಎಂದೂ ಹುಟ್ಟುವುದಿಲ್ಲ, ದೆಹಲಿಯಲ್ಲಿ 14 ಡಿಗ್ರಿ ಏರಿ ಮುಳುಗುತ್ತದೆ. ನಮ್ಮಲ್ಲಿ 27 ಡಿಗ್ರಿ ಏರುತ್ತದೆ. ಮೇ ಮಧ್ಯದಲ್ಲಿ ರಾತ್ರಿ ಹತ್ತೂವರೆಯ ಸುಮಾರಿಗೆ, ಚಿತ್ತಾ ನಕ್ಷತ್ರದಿಂದ ನೇರ ದಕ್ಷಿಣಕ್ಕೆ ಇಳಿಯುತ್ತ ಬಂದರೆ ಮಸುಕಾದ ಒಂದು ನಕ್ಷತ್ರದಂತೆ ಸಿಗುತ್ತದೆ. ಅಲ್ಲಿರುವುದು ಸುಮಾರು ಒಂದು ಕೋಟಿ ನಕ್ಷತ್ರಗಳು, 17,000 ಜ್ಯೋತಿರ್ವರ್ಷ ದೂರದಲ್ಲಿ. 130 ಮಿಲಿಮೀಟರಿನ ಕನ್ನಡಿಯಲ್ಲಿ, 65 ಪಟ್ಟಿನಲ್ಲಿ ಅದರ ಅಂಚು ಕರಿಯ ಬಟ್ಟೆಯ ಮೇಲೆ ಸಣ್ಣ ರವೆ ಚೆಲ್ಲಿದ ಹಾಗೆ ಬಿಡಿಬಿಡಿಯಾಗಿ ಕಾಣುತ್ತದೆ.

ಬಳಕೆಯ ವಿಷಯಕ್ಕೆ ಬರೋಣ. ಕೊಳವೆಯ ಮೇಲೆ ಗುರಿ ಹಿಡಿಯುವ ಸಣ್ಣ ಸಾಧನವೊಂದು ಇರುತ್ತದೆ. ಅದನ್ನು ಹಗಲಲ್ಲೇ ಹೊಂದಿಸಬೇಕು. ದೂರದ ಮೊಬೈಲ್ ಟವರಿನ ತುದಿಯನ್ನು ಮೊದಲು ಕಡಿಮೆ ಪಟ್ಟಿನ ಐಪೀಸಿನ ನಡುವೆ ತಂದು, ಆಮೇಲೆ ಗುರಿಸಾಧನದ ತಿರುಪು ತಿರುಗಿಸಿ ಅದರಲ್ಲೂ ಅದೇ ತುದಿ ನಡುವೆ ಬರುವಂತೆ ಮಾಡಿ. ಇದನ್ನು ಮಾಡದೆ ರಾತ್ರಿ ಹೊರಟರೆ ಚಂದ್ರನೂ ಸಿಗುವುದಿಲ್ಲ. ಯಾವಾಗಲೂ ಕಡಿಮೆ ಪಟ್ಟಿನಿಂದಲೇ ಶುರುಮಾಡಿ. ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. 26 ಪಟ್ಟಿನಲ್ಲಿ ಗುರು ಏಳೆಂಟು ನಿಮಿಷ ಕಣ್ಣಮುಂದಿದ್ದರೆ, 65 ಪಟ್ಟಿನಲ್ಲಿ ಮೂರೇ ನಿಮಿಷಕ್ಕೆ ಹೊರಗೆ ಜಾರುತ್ತದೆ, ಕೊಳವೆಯನ್ನು ಮೆಲ್ಲಗೆ ತಳ್ಳುತ್ತಿರಬೇಕು.

ಮಾರ್ಚ್, ಏಪ್ರಿಲ್‌ನಲ್ಲಿ ಆರ್‌ಸಿಸಿ ಮಾಳಿಗೆಯ ಮೇಲೆ ನಿಲ್ಲಿಸಬೇಡಿ. ಹಗಲೆಲ್ಲ ಕಾದ ಸ್ಲ್ಯಾಬು ಅರ್ಧರಾತ್ರಿಯವರೆಗೂ ಬಿಸಿ ಉಗುಳುತ್ತದೆ, ಗ್ರಹಗಳು ಕುಣಿಯುತ್ತವೆ. ಮಣ್ಣಿನ ನೆಲ, ಹುಲ್ಲಿನ ನೆಲ ವಾಸಿ. ದೂರದರ್ಶಕವನ್ನೂ ಅರ್ಧ ಗಂಟೆ ಮೊದಲೇ ಹೊರಗಿಡಿ, ಕನ್ನಡಿ ಹೊರಗಿನ ಗಾಳಿಯಷ್ಟು ತಣ್ಣಗಾಗಲಿ. ಅಷ್ಟರಲ್ಲಿ ನಿಮ್ಮ ಕಣ್ಣೂ ಕತ್ತಲಿಗೆ ಹೊಂದಿಕೊಳ್ಳುತ್ತದೆ. ಒಮ್ಮೆ ಮೊಬೈಲ್ ತೆರೆದರೆ ಮತ್ತೆ ಮೊದಲಿನಿಂದ ಕಾಯಬೇಕು. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಕಟ್ಟಿಕೊಳ್ಳಿ.

ಯಾವತ್ತು ಏನು ನೋಡಬೇಕೆಂದು ಗೋಡೆಯ ಕ್ಯಾಲೆಂಡರಿನ ತಿಥಿಯೇ ಹೇಳುತ್ತದೆ. ಚಂದ್ರನನ್ನು ಹುಣ್ಣಿಮೆಗೆ ನೋಡಬೇಡಿ, ನೆರಳಿಲ್ಲದ ಬೆಳಕಿನಲ್ಲಿ ಎಲ್ಲ ಸಪಾಟಾಗಿರುತ್ತದೆ. ಶುಕ್ಲಪಕ್ಷದ ಪಂಚಮಿಯಿಂದ ದಶಮಿಯವರೆಗೆ, ಬೆಳಕು-ಕತ್ತಲೆ ಕೂಡುವ ಗೆರೆಯ ಗುಂಟ ನೋಡಿ. ನವಮಿ, ದಶಮಿಯ ಹೊತ್ತಿಗೆ 93 ಕಿಲೋಮೀಟರ್ ಅಗಲದ ಕೋಪರ್ನಿಕಸ್ ಕುಳಿಯ ಗೋಡೆಗಳ ಮೇಲೆ ಬಿಸಿಲು ಬೀಳುವುದು ಕಾಣುತ್ತದೆ. ಕನ್ನಡಿಯ ದೂರದರ್ಶಕದಲ್ಲಿ ಚಿತ್ರ ತಲೆಕೆಳಗಾಗಿರುತ್ತದೆ, ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಶನಿಯ ಬಳೆಗಳಿಗೆ 30 ಪಟ್ಟು ಸಾಕು. 2025ರ ಮಾರ್ಚಿನಲ್ಲಿ ಅವು ನಮಗೆ ಅಂಚು ತೋರಿಸಿ ಗೆರೆಯಂತಾಗಿದ್ದವು, 2032ರವರೆಗೆ ವರ್ಷ ವರ್ಷ ತೆರೆದುಕೊಳ್ಳುತ್ತ ಹೋಗುತ್ತವೆ. ಅಮಾವಾಸ್ಯೆಯ ಆಚೀಚೆ ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳ ಕೆಳಗಿನ ನೀಹಾರಿಕೆ ನೋಡಿ. ಪುಸ್ತಕದ ಚಿತ್ರದ ಕೆಂಪು ಬಣ್ಣ ಕಾಣುವುದಿಲ್ಲ, ಬೂದು ಬಣ್ಣದ ತೆಳು ಹೊಗೆ ಕಾಣುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ.

ಸೂರ್ಯನ ಕಡೆ ಮಾತ್ರ ದೂರದರ್ಶಕ ತಿರುಗಿಸಬೇಡಿ. ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ, ಮರಳಿ ಬರುವುದಿಲ್ಲ. ಐಪೀಸಿಗೆ ತಿರುಗಿಸಿ ಹಾಕುವ ಕರಿಯ ಗಾಜು ಕಾವಿಗೆ ಸೀಳುತ್ತದೆ, ಡಬ್ಬಿಯಲ್ಲಿ ಬಂದಿದ್ದರೆ ಎಸೆದುಬಿಡಿ. ಕೊಳವೆಯ ಮುಂಬಾಯಿಯನ್ನು ಪೂರ್ತಿ ಮುಚ್ಚುವ, ಅದಕ್ಕೆಂದೇ ತಯಾರಿಸಿದ ಸೌರ ಶೋಧಕ ಇದ್ದರೆ ಮಾತ್ರ ನೋಡಬಹುದು, ಆಗಲೂ ಗುರಿಸಾಧನದ ಬಾಯಿ ಮುಚ್ಚಿರಬೇಕು. ಭಯವೇ ಬೇಡ, ಎಚ್ಚರ ಬೇಕು ಅಷ್ಟೆ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ಹುಬ್ಬಳ್ಳಿಯ ಮೇಲೆ ರಾಯಚೂರಿನತ್ತ ಹಾಯ್ದಾಗ ಹಾನಗಲ್ಲ, ಶಿಗ್ಗಾಂವಿ, ಸವಣೂರು ಅದರ ಹಾದಿಯಲ್ಲೇ ಇದ್ದವು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ಬಿಡಾರ ಹೂಡಿ ಕಾದಿದ್ದರು. ನಮ್ಮ ಜನರಲ್ಲಿ ಬಹಳ ಮಂದಿ ಬಾಗಿಲು ಹಾಕಿಕೊಂಡು ಒಳಗೇ ಕೂತರು. ಆ ಎರಡು-ಮೂರು ನಿಮಿಷ ತಪ್ಪಿಹೋದದ್ದಕ್ಕೆ ನನಗೆ ಇಂದಿಗೂ ವ್ಯಥೆಯಿದೆ.

ಕೊನೆಯದಾಗಿ ಕಾಪಾಡುವ ಕೆಲಸ. ಹಾನಗಲ್ಲಿನ ಭತ್ತದ ಗದ್ದೆಗಳ ನಡುವೆ ಪುಷ್ಯ ಮಾಸದಲ್ಲಿ ಮಂಜು ಬಹಳ, ಮುಂದಿನ ಮಸೂರದ ಮೇಲೆ ಹನಿ ಕೂರುತ್ತದೆ. ಟವೆಲಿನಲ್ಲಿ ಒರೆಸಿದರೆ ಗೀರು ಬೀಳುತ್ತದೆ, ತಾನಾಗಿ ಒಣಗಲು ಬಿಡಿ. ಮುಂಬಾಯಿಗೆ ರಟ್ಟಿನ ಕೊಳವೆಯೊಂದನ್ನು ಉದ್ದಕ್ಕೆ ತೊಡಿಸಿದರೆ ಹನಿ ತಡವಾಗಿ ಬರುತ್ತದೆ. ಕನ್ನಡಿ ಕೊಳವೆಯ ತಳದಲ್ಲಿರುವುದರಿಂದ ಡಾಬ್ಸೋನಿಯನ್ನಿಗೆ ಈ ಕಾಟ ಕಡಿಮೆ. ಮಂಜಿಗಿಂತ ಕೆಟ್ಟದ್ದು ಮಳೆಗಾಲದ ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೂ ಆಕಾಶವಿಲ್ಲ. ಐಪೀಸುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲದೊಂದಿಗೆ ಇಡಿ, ಕೊಳವೆಯ ಎರಡೂ ಬಾಯಿ ಮುಚ್ಚಿ ಮನೆಯ ಒಣ ಕೋಣೆಯಲ್ಲಿ ನಿಲ್ಲಿಸಿ. ಬನ್ನಿಹಬ್ಬದ ಹೊತ್ತಿಗೆ ಮಳೆ ತೊಳೆದ ಆಕಾಶ ತೆರೆದುಕೊಳ್ಳುತ್ತದೆ. ಆ ಸಂಜೆಗಳಲ್ಲಿ ನೆತ್ತಿಯಿಂದ ತುಸು ಪಶ್ಚಿಮಕ್ಕೆ ವಾಲಿದ ರಾಜಹಂಸ ನಕ್ಷತ್ರಪುಂಜದ ಕೊಕ್ಕಿನಲ್ಲಿರುವ ನಕ್ಷತ್ರಕ್ಕೆ ಗುರಿಯಿಡಿ. ಬರಿಗಣ್ಣಿಗೆ ಒಂದೇ ಆಗಿರುವ ಅದು 30 ಪಟ್ಟಿನಲ್ಲಿ ಎರಡಾಗುತ್ತದೆ, ಒಂದು ಹೊಂಬಣ್ಣ, ಒಂದು ನೀಲಿ. ಎರಡೂ ಚೂಪಾಗಿ ಬೇರೆಬೇರೆ ಕಂಡರೆ ನಿಮ್ಮ ಕನ್ನಡಿಯ ಹೊಂದಾಣಿಕೆ ಸರಿಯಿದೆ. ಉದ್ದನೆಯ ಬಾಲ ಬಂದಂತೆ ಕಂಡರೆ ಹಿಂದಿನ ಮೂರು ತಿರುಪುಗಳನ್ನು ನೋಡಿಕೊಳ್ಳಿ.