ಬಾಯಿಬಿಟ್ಟು ಕೇಳಿರಿ



ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೆ ಬುದ್ಧಿ ಹೇಳುವವರು ಊರೆಲ್ಲಾ ಇರುತ್ತಾರೆ. ಪಕ್ಕದಲ್ಲಿ ಕೂರುವವರು ಕಡಿಮೆ. ನಿಮ್ಮ ತಂಗಿಯ ಮಗನೋ ಅಣ್ಣನ ಮಗಳೋ ಊಟ ಬಿಟ್ಟು ಮೂಲೆ ಹಿಡಿದರೆ, "ನಾನಿದ್ದು ಏನು ಪ್ರಯೋಜನ" ಎಂದರೆ, ಅದನ್ನು ಹುಡುಗಾಟವೆಂದು ತಳ್ಳಿಹಾಕಬೇಡಿರಿ. ಹತ್ತಿರ ಕೂತು ನೇರವಾಗಿ ಕೇಳಿರಿ: "ಸಾಯಬೇಕು ಅನ್ನಿಸುತ್ತಿದೆಯೇನಪ್ಪಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂದು ಹಿರಿಯರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳುವವರು ಸಿಕ್ಕರೆಂದು ಎದೆಯ ಭಾರ ಎಷ್ಟೋ ಇಳಿಯುತ್ತದೆ. ಹೌದೆಂದರೆ ಗದರಬೇಡಿರಿ, ಆಣೆ ಹಾಕಿಸಬೇಡಿರಿ, ಪಕ್ಕದ ಮನೆಯವರ ಅಂಕಗಳ ಮಾತನ್ನಂತೂ ಎತ್ತಲೇಬೇಡಿರಿ. "ಯಾರಿಗೂ ಹೇಳಬೇಡ" ಎಂದು ಬೇಡಿಕೊಂಡರೂ ಆ ಮಾತು ಕೊಡಬೇಡಿರಿ.

ಇನ್ನೊಂದು ಕೆಲಸ ಅಂದೇ ಆಗಬೇಕು. ಬೆಳೆಗೆ ಹೊಡೆಯುವ ಔಷಧಿ ನಮ್ಮ ಮನೆಗಳಲ್ಲಿ ಅಟ್ಟದ ಮೇಲೋ ಮಂಚದ ಕೆಳಗೋ ಬಿದ್ದಿರುತ್ತದೆ. ಅದನ್ನು ಬೀಗದೊಳಗಿಟ್ಟು ಬೀಗದ ಕೈ ನೀವೇ ಇಟ್ಟುಕೊಳ್ಳಿರಿ. ಆ ಕೆಟ್ಟ ಗಳಿಗೆ ದಾಟಿದರೆ ಎಷ್ಟೋ ಜನ ಬದುಕಿಕೊಳ್ಳುತ್ತಾರೆ. ಮಗುವನ್ನು ಒಂಟಿಯಾಗಿ ಬಿಡದೆ 14416ಕ್ಕೆ ದೂರವಾಣಿ ಮಾಡಿರಿ. ಇದು 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮನಸ್; ಹಗಲೂ ರಾತ್ರಿ, ಪುಕ್ಕಟೆಯಾಗಿ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾರನೆಯ ದಿನವೂ ಹೋಗಿ "ಊಟ ಆಯಿತೇನಪ್ಪಾ" ಎನ್ನಿರಿ. ಪರೀಕ್ಷೆಗೆ ಮತ್ತೆ ಕಟ್ಟಬಹುದು; ಆ ಮಾತನ್ನು ನಾಳಿದ್ದು ಆಡಿದರೂ ಸಾಕು.